ಗುಲಾಬಿ ಮನೆಗೆ ಹೊದಿಸಿದ ಪೇಪರ್: ಮೂರು ಆಷಾಢ ದಾಟಿದ ಮೇಲೆ

ಪಾಲಿಹೌಸ್ ಸೂರಿನ ಪ್ಲಾಸ್ಟಿಕ್‌ಗೆ ನಮ್ಮ ಕಡೆ ಎಲ್ಲರೂ ಪೇಪರ್ ಅಂತಲೇ ಅನ್ನೋದು. ಬಿಲ್ಲಲ್ಲಿ ಫಿಲ್ಮ್ ಅಂತ ಇರುತ್ತೆ, ನಮ್ಮತ್ತೆ ಕವರ್ ಅಂತಾರೆ. 2023ರ ಫೆಬ್ರವರಿ ಕೊನೆಯಲ್ಲಿ ನಮ್ಮ ಗುಲಾಬಿಗೆ ಹೊದಿಸಿದ ಪೇಪರ್ ಬಗ್ಗೆ, ಅದನ್ನ ಹೊದಿಸಿದ ಹುಡುಗರ ಬಗ್ಗೆ ಈಗ ಬರೀತಿದೀನಿ. ಹಾಕಿಸಿದ ವಾರಕ್ಕೇ ಫೋಟೋ ಹಾಕಿ ಸೂಪರ್ ಕ್ವಾಲಿಟಿ ಅಂತ ಬರೆಯೋರನ್ನ ನೋಡಿ ಸಾಕಾಗಿದೆ. ಮೊದಲನೇ ವಾರ ಎಲ್ಲಾ ಪೇಪರೂ ಸೂಪರ್ರೇ. ಮೂರು ಆಷಾಢದ ಗಾಳಿ ತಿಂದ ಮೇಲೆ ಹೇಗಿದೆ ಅನ್ನೋದಷ್ಟೇ ಲೆಕ್ಕ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಅರ್ಧ ಎಕರೆ, ಅಂದ್ರೆ 2,000 ಚದರ ಮೀಟರ್, ಐದು ಬೇ, ಅಂದ್ರೆ ಪಕ್ಕಪಕ್ಕ ಐದು ಕಮಾನಿನ ಅಂಕಣ. ಒಳಗೆ ಸುಮಾರು 12,000 ಗಿಡ. ನಾಲ್ಕು ಬೇ ಕೆಂಪು ತಾಜ್ ಮಹಲ್, ಒಂದರಲ್ಲಿ ಬಿಳಿ ಅವಲಾಂಚ್. ಕಟ್ಟಿಸಿದ್ದು 2016ರಲ್ಲಿ, ಸಬ್ಸಿಡಿಯಲ್ಲಿ. ನಮ್ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾರೆ, ಹೂವಿನ ಪೂರ್ತಿ ಜವಾಬ್ದಾರಿ ನಂದು.

ಊರಿಗೆ ಬಂದ ನೆಂಟರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ. ಇಷ್ಟು ಒಳ್ಳೆ ಹವಾ ಇರೋ ಜಾಗದಲ್ಲಿ ಗುಲಾಬಿಗೆ ಮನೆ ಯಾಕೆ ಕಟ್ಟಬೇಕು? ನಿಜ, 900 ಮೀಟರ್ ಆಸುಪಾಸಿನ ಎತ್ತರ ನಮ್ಮದು. ಏಪ್ರಿಲ್ ಬಿಟ್ರೆ ಸುಡುಬಿಸಿಲಿಲ್ಲ, ಡಿಸೆಂಬರಿನಲ್ಲೂ ಹಾಲೆಂಡಿನವರ ಹಾಗೆ ಹೀಟರ್ ಹಚ್ಚೋ ಗತಿ ಬರಲ್ಲ. ನಮ್ಮ ಗುಲಾಬಿ ಮನೆಗೆ ಫ್ಯಾನೂ ಇಲ್ಲ, ಪಕ್ಕದಲ್ಲಿ ನೆಟ್, ಮೇಲೆ ಪೂರ್ವಕ್ಕೆ ಬಾಯಿ ಬಿಟ್ಟ ಕಿಂಡಿ, ಅಷ್ಟೇ. ಆದ್ರೆ ಬಯಲಲ್ಲಿ ಬೆಳೆದ ಗುಲಾಬಿ ಮೇಲೆ ಒಂದು ಮಳೆ ಬಿದ್ದು, ಎರಡು ದಿನ ಮೋಡ ಕವಿದ್ರೆ ಮೊಗ್ಗು ಕೊಳೆಯುತ್ತೆ. ಕೆ.ಆರ್. ಮಾರ್ಕೆಟ್ಟಿಗೆ ಬಿಡಿ ಹೂವಾಗಿ ಹೋಗೋದಕ್ಕೆ ಅದು ನಡೆಯುತ್ತೆ. ಉದ್ದ ಕಡ್ಡಿ ಸಮೇತ ಇಪ್ಪತ್ತರ ಕಟ್ಟು ಕಟ್ಟಿ ಕಳಿಸೋದಕ್ಕೆ ನಡೆಯಲ್ಲ. ಹವಾ ದೇವರು ಕೊಟ್ಟಿದ್ದು, ಮಳೆ, ಇಬ್ಬನಿ, ನೆತ್ತಿ ಬಿಸಿಲು ಇವು ಮೂರನ್ನ ತಡೆಯೋದು ಮಾತ್ರ ಪೇಪರಿನ ಕೆಲಸ. ಆ ಕೆಲಸ ಅದು ಹೇಗೆ ಮಾಡ್ತು ಅಂತ ಹೇಳೋ ಮುಂಚೆ ಹಿಂದಿನ ಪೇಪರಿನ ಕಥೆ ಹೇಳಬೇಕು. ಇಲ್ಲದಿದ್ರೆ ನಾನ್ಯಾಕೆ ಇಷ್ಟು ಅನುಮಾನದ ಮನುಷ್ಯಳಾದೆ ಅಂತ ಗೊತ್ತಾಗಲ್ಲ.

ಮನೆ ಕಟ್ಟಿದವರೇ ಹಾಕಿದ ಮೊದಲ ಪೇಪರ್ ಹತ್ತಿರ ಹತ್ತಿರ ನಾಲ್ಕು ವರ್ಷ ಬಂತು. ನನಗೆ ಅದರ ಬೆಲೆ ಆಗ ತಿಳೀಲಿಲ್ಲ, ಎಲ್ಲವೂ ಹಾಗೇ ಬರುತ್ತೆ ಅಂದ್ಕೊಂಡಿದ್ದೆ. 2020ರ ಫೆಬ್ರವರಿಯಲ್ಲಿ ಎರಡನೇದು ಹಾಕಿಸಿದೆ. ಡೀಲರ್ ಹೆಸರು ಬೇಡ. ಬಿಳೀ ಶರ್ಟ್ ಹಾಕ್ಕೊಂಡು ಬಂದು, ಬಾಳೆಎಲೆ ಮೇಲೆ ಊಟ ಮಾಡಿ, 200 ಮೈಕ್ರಾನ್, ಮೂರು ವರ್ಷ ವಾರಂಟಿ, ಕಣ್ಮುಚ್ಚಿ ಹಾಕಿಸಿ ಮೇಡಂ ಅಂದ್ರು. ನಾನು ಕಣ್ಮುಚ್ಚಿಯೇ ಹಾಕಿಸಿದೆ.

ಹಾಕಿಸಿ ಒಂದು ತಿಂಗಳಿಗೆ ಲಾಕ್‌ಡೌನ್. ಹೂವು ಕೊಳ್ಳೋರಿಲ್ಲ. ದಿನಾ ಬೆಳಿಗ್ಗೆ ಕೊಯ್ದು ತಿಪ್ಪೆಗೆ ಹಾಕೋದು, ಕೊಯ್ಯದೆ ಬಿಟ್ರೆ ಗಿಡ ಹಾಳು. ಆಳುಗಳೂ ಬರೋ ಹಾಗಿರಲಿಲ್ಲ. ಆರೈಕೆ ತಪ್ಪಿದ ತೋಟಕ್ಕೆ ಬೂದಿ ರೋಗ ಹತ್ತಿಕೊಳ್ತು. ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ. ಕೈಲಿದ್ದ ಅಗ್ಗದ ಔಷಧಿ ಅಂದ್ರೆ ಗಂಧಕ. ವಾರಕ್ಕೊಂದು ಸಲ ಹೊಡೆದೆ, ಕೆಲವು ವಾರ ಎರಡು ಸಲ. ಅದರಲ್ಲಿ ಗಿಡ ಉಳೀತು.

2022ರ ಏಪ್ರಿಲ್‌ನಲ್ಲಿ, ಸರಿಯಾಗಿ 26 ತಿಂಗಳಿಗೆ, ಒಂದು ಸಂಜೆ ಆಲಿಕಲ್ಲು ಮಳೆ. ಪೈಪಿಗೆ ತಾಗಿದ ಕಡೆಯಲ್ಲೆಲ್ಲ ಪೇಪರ್ ಬ್ಲೇಡಿನಲ್ಲಿ ಗೀರಿದ ಹಾಗೆ ಉದ್ದುದ್ದ ಸೀಳಿತು. ವಾರಂಟಿ ಕಾರ್ಡ್ ಹಿಡ್ಕೊಂಡು ಫೋನ್ ಮಾಡಿದೆ. ಬಂದರು, ಒಂದು ತುಂಡು ಕತ್ತರಿಸಿ ಲ್ಯಾಬಿಗೆ ಅಂತ ತಗೊಂಡು ಹೋದರು. ಒಂದೂವರೆ ತಿಂಗಳಾದ ಮೇಲೆ ಉತ್ತರ ಬಂತು: ಗಂಧಕ ಮಿತಿಗಿಂತ ಜಾಸ್ತಿ ಸೇರಿದೆ, ವಾರಂಟಿ ಬರಲ್ಲ. ಕಾರ್ಡಿನ ಹಿಂಬದಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇತ್ತು ಕೂಡ. ಬಿಸಿಲಿಗೆ ಪ್ಲಾಸ್ಟಿಕ್ ಸಾಯದ ಹಾಗೆ ಅದರೊಳಗೆ ಸೇರಿಸಿರೋ ರಕ್ಷಕವನ್ನ ಗಂಧಕ, ಕ್ಲೋರಿನ್ ಎರಡೂ ಕೊಲ್ಲುತ್ತವೆ. ಇದು ಅವರ ನೆಪ ಅಲ್ಲ, ನಿಜವೇ. ಹಾಗಾಗಿ ಆ ಜಗಳದಲ್ಲಿ ಅರ್ಧ ತಪ್ಪು ನಂದು ಅಂತ ಒಪ್ಕೊಳ್ತೀನಿ.

ಇನ್ನರ್ಧ ತಪ್ಪು ಯಾರದು ಅಂತ ಗೊತ್ತಾಗಿದ್ದು ತಕ್ಕಡಿಯಲ್ಲಿ. ಗಟರ್ ಕೆಳಗೆ ಬಿಸಿಲು ಕಾಣದೆ ಮಡಚಿಕೊಂಡಿದ್ದ ಪೇಪರ್ ಒಂದಿಷ್ಟು ಹೊಸದರ ಹಾಗೇ ಇತ್ತು. ಅಡುಗೆಮನೆ ನೆಲದ ಮೇಲೆ ಟೇಪ್ ಹಿಡಿದು, ಒಂದು ಮೀಟರ್‌ಗೆ ಒಂದು ಮೀಟರ್ ಚೌಕ ಕತ್ತರಿಸಿದೆ. ಒರೆಸಿ, ಮಡಚಿ, ಪಕ್ಕದ ಅಂಗಡಿ ತಕ್ಕಡಿಯಲ್ಲಿಟ್ಟೆ. 168 ಗ್ರಾಂ. ಈ ಪ್ಲಾಸ್ಟಿಕ್ 200 ಮೈಕ್ರಾನ್ ದಪ್ಪ ಇದ್ರೆ ಒಂದು ಚದರ ಮೀಟರ್ 185 ಗ್ರಾಂ ಹತ್ತಿರ ತೂಗಬೇಕು. 168 ಅಂದ್ರೆ 180 ಮೈಕ್ರಾನ್. ನಾನು ದುಡ್ಡು ಕೊಟ್ಟಿದ್ದು ಚದರ ಮೀಟರ್ ಲೆಕ್ಕದಲ್ಲಿ, 2,800 ಚದರ ಮೀಟರಿಗೆ, ಕಮಾನಿನ ಸೂರಿಗೆ ನೆಲಕ್ಕಿಂತ ಜಾಸ್ತಿ ಪೇಪರ್ ಬೇಕಲ್ಲ. ಕೂಡಿಸಿ ನೋಡಿ, ಹತ್ತಿರ ಹತ್ತಿರ 50 ಕೆಜಿ ಪ್ಲಾಸ್ಟಿಕ್ ನಮ್ಮನೆಗೆ ಬರಲೇ ಇಲ್ಲ. ಅಂಗಡಿಯವರು ನನ್ನ ಮುಖ ನೋಡಿ, ಏನಮ್ಮಾ, ಚಿನ್ನ ತೂಗಿದ ಹಾಗೆ ತೂಗ್ತಿದ್ದೀಯ ಅಂದ್ರು.

ಆ ವರ್ಷದ ಮಳೆಗಾಲ ಟೇಪ್ ಹಚ್ಚಿಕೊಂಡೇ ಕಳೆದೆ. ಅಷ್ಟು ಹೊತ್ತಿಗೆ ಬದಲಾಯಿಸೋಕೆ ದುಡ್ಡೂ ಇರಲಿಲ್ಲ, ಸಮಯವೂ ಅದಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಗಾಳಿ ಪಡುವಣದಿಂದ ನುಗ್ಗುತ್ತೆ, ಆಗ ಸೂರು ಬಿಚ್ಚೋನು ಹುಚ್ಚ. ನವೆಂಬರ್, ಡಿಸೆಂಬರಿನಲ್ಲಿ ಬಿಚ್ಚೋಣ ಅಂದ್ರೆ ವ್ಯಾಲೆಂಟೈನ್ ಬೆಳೆ. ಡಿಸೆಂಬರ್ 20ರ ಆಸುಪಾಸು ಚಿವುಟಿ ಬಿಟ್ರೆ 45 ದಿನಕ್ಕೆ, ಫೆಬ್ರವರಿ ಮೊದಲ ವಾರಕ್ಕೆ ಮೊಗ್ಗು ಸಿಗಬೇಕು. ವರ್ಷದ ಬಡ್ಡಿ ತೀರೋದು ಆ ಹತ್ತು ದಿನದಲ್ಲಿ. ಇನ್ನು ಉಳಿದಿದ್ದು ಫೆಬ್ರವರಿ 15ರಿಂದ ಮಾವಿನ ಮಳೆಯವರೆಗಿನ ಸಂದು. ಅದಕ್ಕೇ ಫೆಬ್ರವರಿ ಕೊನೆ.

ಈ ಸಲ ಮೂರು ಕಡೆ ವಿಚಾರಿಸಿದೆ. ಕಂಪನಿ ಹೆಸರು ಇಲ್ಲಿ ಹಾಕೋಲ್ಲ, ಯಾಕಂದ್ರೆ ಒಂದೇ ಕಂಪನಿ ಹತ್ತು ಥರದ ಪೇಪರ್ ಮಾಡುತ್ತೆ, ಹೆಸರು ನೋಡಿ ತಗೊಂಡ್ರೆ ಬೇರೆಯದೇ ಬಂದು ಬೀಳುತ್ತೆ. ಕೇಳಬೇಕಾದ್ದು ಒಳಗೆ ಏನೇನು ಸೇರಿಸಿದ್ದಾರೆ ಅಂತ. ನಾನು ತಗೊಂಡಿದ್ದು 200 ಮೈಕ್ರಾನ್, ಬೆಳಕನ್ನ ಚದುರಿಸೋದು, ಬಿಸಿಲಿನ ಯುವಿ ಕಿರಣ ತಡೆಯೋದು, ಹನಿ ತೊಟ್ಟಿಕ್ಕದ್ದು. ಚದರ ಮೀಟರಿಗೆ 46 ರೂಪಾಯಿ ಬಿತ್ತು, ಜಿಎಸ್‌ಟಿ ಬೇರೆ. ರೋಲ್ ಇಳಿಸಿದ ದಿನವೇ ಒಂದು ಚೌಕ ಕತ್ತರಿಸಿ ತೂಗಿದೆ. 186 ಗ್ರಾಂ. ತಂದ ಹುಡುಗ ಬಾಯಿಬಿಟ್ಕೊಂಡು ನೋಡ್ತಿದ್ದ.

ಯುವಿ ತಡೆಯೋದು ಯಾಕೆ ಅಂದ್ರೆ, ಕೆಂಪು ಗುಲಾಬಿ ಬೆಳೆಯೋರಿಗೆ ಚಳಿಗಾಲದಲ್ಲಿ ಒಂದು ಕಾಟ ಇದೆ. ಹೊರಗಿನ ಎರಡು ಮೂರು ಎಸಳಿನ ಅಂಚು ಕಪ್ಪಗಾಗುತ್ತೆ, ಸುಟ್ಟ ದೋಸೆ ಅಂಚಿನ ಹಾಗೆ. ರಾತ್ರಿ ಚಳಿ, ಹಗಲು ಚುರುಕು ಬಿಸಿಲು, ಎರಡೂ ಸೇರಿದಾಗ ಎಸಳಿನಲ್ಲಿ ಬಣ್ಣ ಅತಿಯಾಗಿ ಕಟ್ಟೋದರಿಂದ ಹಾಗಾಗುತ್ತೆ. ರೋಗ ಅಲ್ಲ, ಔಷಧಿ ಹೊಡೆದು ಪ್ರಯೋಜನ ಇಲ್ಲ. ಆದ್ರೆ ಕೊಳ್ಳೋನಿಗೆ ಈ ವಿವರ ಎಲ್ಲ ಬೇಕಾ? ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ನಾನು ಮೊದಲು ಹೂ ಕೊಟ್ಟಾಗ ನೋಡಿದ್ದೆ. ಅಲ್ಲಿ ಹರಾಜು ನಮ್ಮ ಸಂತೆ ಹಾಗೆ ಕೆಳಗಿಂದ ಮೇಲೆ ಏರಲ್ಲ. ಹಾಲೆಂಡ್ ಪದ್ಧತಿ, ದರ ಮೇಲಿಂದ ಇಳೀತಾ ಬರುತ್ತೆ, ಬೇಕಾದೋನು ಗುಂಡಿ ಒತ್ತಿ ನಿಲ್ಲಿಸಬೇಕು. ಕಪ್ಪಂಚಿನ ನನ್ನ ಕಟ್ಟುಗಳು ಬಂದಾಗ ಬೆರಳೆತ್ತೋರೇ ಇಲ್ಲ. ಸಂಖ್ಯೆ ಇಳೀತಾನೇ ಇತ್ತು, ನನ್ನ ಎದೆಯೂ.

ಈ ಪೇಪರ್ ಬಂದ ಮೇಲೆ ಮೊದಲ ಚಳಿಗಾಲದಲ್ಲಿ ಕಪ್ಪಂಚು ಬಹುಮಟ್ಟಿಗೆ ನಿಂತಿತು. ಪೂರ್ತಿ ಇಲ್ಲ. ತೀರಾ ಪಡುವಣ ಬೇನಲ್ಲಿ, ನೆಟ್ ಪಕ್ಕದ ಎರಡು ಸಾಲಲ್ಲಿ ಈಗಲೂ ಬರುತ್ತೆ, ಅಲ್ಲಿ ಸಂಜೆ ಬಿಸಿಲು ನೆಟ್ ಮೂಲಕ ನೇರ ಹೊಡೆಯುತ್ತಲ್ಲ. ಇನ್ನು, ಇಂಥ ಪೇಪರ್ ಕೆಳಗೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳು, ಬಿಳಿನೊಣ ಕಮ್ಮಿ ಅಂತ ಮಾರೋರು ಹೇಳ್ತಾರೆ. ನನ್ನಲ್ಲಿ ಥ್ರಿಪ್ಸ್ ಔಷಧಿ ಖರ್ಚು ಒಂದು ರೂಪಾಯಿ ಇಳಿದಿಲ್ಲ.

ಬೆಳಕು ಚದುರಿಸೋ ಗುಣ ನೋಡೋಕೆ ಯಾವ ಮಿಷಿನ್ನೂ ಬೇಡ. ಮಧ್ಯಾಹ್ನ ಒಳಗೆ ನಿಂತು ಕೈ ಚಾಚಿ. ಹಳೇ ಪೇಪರ್ ಕೆಳಗೆ ಐದೂ ಬೆರಳಿನ ನೆರಳು ಮಣ್ಣಿನ ಮೇಲೆ ಬರೆದ ಹಾಗೆ ಕಾಣ್ತಿತ್ತು. ಇದರ ಕೆಳಗೆ ಕೈ ಇದೆಯೋ ಇಲ್ಲವೋ ಅನ್ನೋ ಥರ ಮಾಸಲು ಮಚ್ಚೆ. ಬೆಳಕು ಎಲ್ಲಾ ಕಡೆಯಿಂದ ಬಂದು, ಗಿಡಕ್ಕೆ ಆಹಾರ ಮಾಡಲಿ ಅಂತ ಕೆಳಗೆ ಬಗ್ಗಿಸಿಟ್ಟ ಕಡ್ಡಿಗಳ ಎಲೆಗೂ ತಲುಪುತ್ತೆ. ಗುಲಾಬಿ ಬೆಳೆಯೋರಿಗೆ ಗೊತ್ತು, ದಪ್ಪ ಕಡ್ಡಿ ಏಳೋದು ಆ ಬಗ್ಗಿಸಿದ ಎಲೆ ಮಾಡಿದ ಅಡುಗೆಯಿಂದ. ನನಗೆ 60 ಸೆಂಟಿಮೀಟರ್ ಕಡ್ಡಿ ಮೊದಲಿಗಿಂತ ಜಾಸ್ತಿ ಸಿಕ್ತಿದೆ. ಗೊಬ್ಬರವನ್ನೂ ಅದೇ ವರ್ಷ ಸರಿ ಮಾಡಿದ್ದೆ, ಹಾಗಾಗಿ ಪೂರ್ತಿ ಹೆಸರು ಪೇಪರಿಗೆ ಕೊಡೋಕಾಗಲ್ಲ.

ಹನಿ ತೊಟ್ಟಿಕ್ಕದ ಗುಣದಲ್ಲಿ ನನಗೆ ತಕರಾರಿದೆ. ಬೆಳಗಿನ ಜಾವ ಪೇಪರಿನ ಒಳಮೈಯಲ್ಲಿ ನೀರು ಕಟ್ಟುತ್ತೆ. ಒಳ್ಳೆ ಪೇಪರಿನಲ್ಲಿ ಅದು ತೆಳ್ಳಗೆ ಹರಡಿ, ಇಳಿಜಾರಲ್ಲಿ ಜಾರಿ ಗಟರ್ ಕಡೆ ಹೋಗಬೇಕು. ಹನಿಯಾಗಿ ಮೊಗ್ಗಿನ ಮೇಲೆ ಬಿದ್ರೆ ಎಸಳಿನ ಮೇಲೆ ಚುಕ್ಕಿ, ಆಮೇಲೆ ಬೋಟ್ರೈಟಿಸ್ ಅನ್ನೋ ಬೂಷ್ಟು ರೋಗ. ಮೊದಲ ವರ್ಷ ಒಂದು ಹನಿ ಬೀಳಲಿಲ್ಲ. ಎರಡನೇ ಚಳಿಗಾಲದ ಹೊತ್ತಿಗೆ ಬೆಳಿಗ್ಗೆ ಆರಕ್ಕೆ ಕೊಯ್ಲಿಗೆ ಹೋದ್ರೆ ತಲೆ ಮೇಲೆ ಟಪ್ ಟಪ್. ಆ ಗುಣಕ್ಕೆ ಸೇರಿಸಿರೋದು ತೊಳೆದು ಹೋಗೋ ಸರಕು, ಮೂರು ವರ್ಷ ನಿಲ್ಲಲ್ಲ. ಅದನ್ನ ಮಾರುವಾಗಲೇ ಬಾಯಿಬಿಟ್ಟು ಹೇಳಬೇಕಿತ್ತು.

ಧೂಳಿನ ಮಾತು ಬೇಗ ಮುಗಿಸ್ತೀನಿ. ನಮ್ಮ ರಸ್ತೆಯಲ್ಲಿ ದಿನವಿಡೀ ಟಿಪ್ಪರ್ ಓಡಾಡುತ್ತವೆ. ಡಿಸೆಂಬರ್ ಮೊದಲ ವಾರ ಪೈಪಿನ ನೀರು, ಉದ್ದ ಕೋಲಿಗೆ ಕಟ್ಟಿದ ಮೆತ್ತನೆ ಬ್ರಷ್, ಎರಡು ಆಳು, ಒಂದು ದಿನ. ತೊಳೆಯದೆ ಬಿಟ್ಟ ವರ್ಷ ಕಡ್ಡಿ ಗಿಡ್ಡ ಬಂದವು.

ಈಗ ಹುಡುಗರ ಬಗ್ಗೆ. ಪೇಪರ್ ಎಷ್ಟೇ ಒಳ್ಳೇದಿರಲಿ, ಎಳೆದು ಕೂರಿಸೋನ ಕೈ ಸರಿ ಇಲ್ಲದಿದ್ರೆ ಅದು ಹಬ್ಬದ ಬಂಟಿಂಗ್ ಹಾಗೆ ಪಟಪಟ ಅಂತ ಹೊಡ್ಕೊಂಡು ಆರು ತಿಂಗಳಿಗೆ ಹರಿಯುತ್ತೆ. 2020ರಲ್ಲಿ ಡೀಲರ್ ಕಳಿಸಿದ್ದ ತಂಡ ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲಲ್ಲಿ ಎಳೆದು ಬಿಗಿದಿತ್ತು. ಕಾದು ಹಿಗ್ಗಿದ ಪೇಪರ್ ರಾತ್ರಿ ಕುಗ್ಗಿ ಡೋಲಿನ ಹಾಗೆ ಬಿಗಿದುಕೊಂಡು ಪೈಪಿನ ಮೇಲೆ ಒತ್ತಿ ಕೂತಿತು. ಸಾಲದ್ದಕ್ಕೆ ಒಂದು ಬೇ ಪೂರ್ತಿ ತಿರುವು ಮುರುವು. ಯಾವ ಬದಿ ಒಳಗೆ ಬರಬೇಕು ಅಂತ ಅಂಚಿನಲ್ಲೇ ಇಂಗ್ಲಿಷಲ್ಲಿ ಅಚ್ಚಾಗಿರುತ್ತೆ, ಓದೋ ತಾಳ್ಮೆ ಯಾರಿಗೂ ಇರಲಿಲ್ಲ. ನನಗೂ. ಆ ಬೇನಲ್ಲಿ ಮೊದಲ ದಿನದಿಂದಲೇ ಹನಿ.

ಈ ಸಲದವರು ಹೊಸೂರು ಕಡೆಯವರು, ಏಳು ಜನ. ಮೇಸ್ತ್ರಿ ಅರ್ಧ ತಮಿಳು ಅರ್ಧ ಕನ್ನಡ. ಬೆಳಿಗ್ಗೆ ಐದೂಮುಕ್ಕಾಲಿಗೆ ಬಂದವರು ಕಾಫಿಯನ್ನೂ ಕುಡಿಯದೆ ಮೇಲೆ ಹತ್ತಿದರು. ಹಿಂದಿನ ಸಂಜೆಯೇ ಒಳಗಿನ ಶೇಡ್ ನೆಟ್ ಎಳೆದು ಮುಚ್ಚಿಸಿದ್ದ ಮೇಸ್ತ್ರಿ, ಸೂರಿಲ್ಲದ ಹೊತ್ತಲ್ಲಿ ಎಲೆ ಸುಡದ ಹಾಗೆ. ಐದೂ ಬೇ ಒಟ್ಟಿಗೆ ಬಿಚ್ಚಲಿಲ್ಲ, ಒಂದು ಬಿಚ್ಚಿ, ಅದನ್ನ ಹೊದಿಸಿ, ಆಮೇಲೆ ಇನ್ನೊಂದು.

ಪೇಪರಿನ ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ ನುಣ್ಣನೆ ಕಲ್ಲಿಟ್ಟು, ಅದರ ಸುತ್ತ ಪೇಪರ್ ಸುತ್ತಿ, ಕುತ್ತಿಗೆಗೆ ಹಗ್ಗ ಬಿಗಿದ್ರು. ಅಂಥ ಗಂಟು ಅಂಚಿನುದ್ದಕ್ಕೂ ಎಂಟೋ ಹತ್ತೋ. ತೂತು ಮಾಡೋ ಮಾತೇ ಇಲ್ಲ. ಆ ಕಡೆಯಿಂದ ನಾಲ್ಕು ಜನ ಒಂದೇ ದನಿಯಲ್ಲಿ ಕೂಗಿ ಎಳೆದ್ರೆ, ಕಮಾನಿನ ಮೇಲೆ ಪೇಪರ್ ಹಾಲು ಉಕ್ಕಿದ ಹಾಗೆ ಏರಿ ಆ ಬದಿಗೆ ಇಳೀತು. ಪೈಪಿನ ಮೇಲ್ಮೈಗೆಲ್ಲ ಮೊದಲೇ ಬಿಳಿ ಬಣ್ಣ ಬಳಿಸಿದ್ದ. ಯಾಕಣ್ಣಾ ಅಂದ್ರೆ, "ಪೈಪ್ ಕಾದ್ರೆ ಪೇಪರ್ ಅಲ್ಲೇ ಸಾಯೋದು ಅಕ್ಕಾ" ಅಂದ. ನನ್ನ ಹಿಂದಿನ ಪೇಪರ್ ಸೀಳಿದ್ದ ಜಾಗವನ್ನ ನೋಡದೆಯೇ ಹೇಳಿದ ಹಾಗಿತ್ತು. ಪೇಪರ್ ಹಿಡಿದಿಡೋ ಅಲ್ಯೂಮಿನಿಯಂ ಪಟ್ಟಿಯೊಳಗೆ ಜಿಗ್‌ಜಾಗ್ ಸ್ಪ್ರಿಂಗ್ ಒತ್ತುವಾಗ ಕೆಳಗೆ ಹಳೇ ಪೇಪರಿನ ತುಂಡು ಹಾಸ್ತಿದ್ರು, ಕಂಬಿ ನೇರ ಕಚ್ಚದಿರಲಿ ಅಂತ. ಹತ್ತೂವರೆಗೆ ಗಾಳಿ ಎದ್ದಿತು. ಮೇಸ್ತ್ರಿ ಆಕಾಶ ನೋಡಿ, ಸಾಕು ಅಂತ ಎಲ್ಲರನ್ನೂ ಇಳಿಸಿಬಿಟ್ಟ. ಎರಡು ಬೇ ಮುಗಿದಿತ್ತು. ಇನ್ನೊಂದು ಆಗಬಹುದಿತ್ತಲ್ಲಾ ಅಂದೆ. ಆಗಲ್ಲ ಅಕ್ಕಾ ಅಂದ, ಅಷ್ಟೇ. ಎರಡು ದಿನದ ಕೆಲಸ ಮೂರು ದಿನ ಆಯ್ತು, ಮೂರು ದಿನವೂ ಅತ್ತೆ ಮುದ್ದೆ, ಹುರುಳಿಕಾಳು ಸಾರು.

ಇವರ ದೋಷವೂ ಹೇಳಿಬಿಡ್ತೀನಿ. ಹೇಳಿದ ದಿನಕ್ಕೆ ಬರಲ್ಲ. ಫೆಬ್ರವರಿ 18 ಅಂದವರು ಬಂದಿದ್ದು 25ಕ್ಕೆ, ನಡುವೆ ನಾಲ್ಕು ದಿನ ಫೋನ್ ಎತ್ತಲಿಲ್ಲ. ಮುರಿದ ಸ್ಪ್ರಿಂಗಿನ ಬಾಬ್ತು ಕೊನೇ ದಿನ ಸೇರಿಸಿದ್ರು. ಕೂಲಿ ಚದರ ಮೀಟರಿಗೆ 9 ರೂಪಾಯಿ, ಅಂದ್ರೆ 25,200. ಇದಕ್ಕಿಂತ ಕಮ್ಮಿಗೆ ಮಾಡೋರಿದ್ದಾರೆ. ನಾನು ಕರೆಯಲ್ಲ.

ಈಗ 30 ತಿಂಗಳಾಗಿದೆ. ಈ ಆಷಾಢದಲ್ಲಿ ಮೂರನೇ ಬೇನ ಕಿಂಡಿ ಅಂಚಿನಲ್ಲಿ ಒಂದು ಗೇಣು ಹರಿದಿತ್ತು, ಟೇಪ್ ಹಾಕಿದ್ದೀನಿ. ಬೇರೆಲ್ಲೂ ಸೀಳಿಲ್ಲ. ಗಂಧಕ ಪೂರ್ತಿ ಬಿಟ್ಟಿಲ್ಲ, ಆದ್ರೆ ವರ್ಷಕ್ಕೆ ಎರಡು ಮೂರು ಸಲಕ್ಕೆ ಇಳಿಸಿ, ಹೊಡೆದಿದ್ದನ್ನೆಲ್ಲ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಡ್ತೀನಿ. ಬೆಳಕು ಮೊದಲಿನಷ್ಟಿಲ್ಲ, ಪೇಪರ್ ಹಾಲು ಬಣ್ಣಕ್ಕೆ ತಿರುಗ್ತಿದೆ. ಇನ್ನೊಂದು ವ್ಯಾಲೆಂಟೈನ್ ಬೆಳೆ ತೆಗೀಬಹುದು ಅನ್ನೋದು ನನ್ನ ಅಂದಾಜು. ಮೂರು ವರ್ಷ ತುಂಬೋದೂ ಆಗಲೇ.

ಹಾಗಾಗಿ ಈ ಪೇಪರಿಗೆ ಐದಕ್ಕೆ ನಾಲ್ಕು, ಹನಿ ಬೀಳೋದಕ್ಕೆ ಒಂದು ಕಳೆದೆ. ಮೇಸ್ತ್ರಿಗೆ ನಾಲ್ಕೂವರೆ. ವಾರಂಟಿ ಕಾರ್ಡಿಗೆ ಮಾರ್ಕ್ಸ್ ಕೊಡಲ್ಲ. ಅದನ್ನ ಓದಿದ್ರೆ ಗೊತ್ತಾಗುತ್ತೆ, ಹರಿದರೂ ಉಳಿದ ತಿಂಗಳಿಗೆ ತಕ್ಕ ಹಾಗೆ ಪೇಪರಿನ ದುಡ್ಡಷ್ಟೇ ಕೊಡ್ತಾರೆ, ಕೂಲಿ ನಮ್ಮದೇ.

ಮೊನ್ನೆಯೇ ಮೇಸ್ತ್ರಿಗೆ ಫೋನ್ ಮಾಡಿ 2026ರ ಫೆಬ್ರವರಿಗೆ ಬುಕ್ ಮಾಡಣ್ಣಾ ಅಂದೆ. ತಾರೀಖು ಕೇಳಿದ್ರೆ, "20 ಆದ ಮೇಲೆ ಗಾಳಿ ಇಲ್ಲದ ದಿನ ಬರ್ತೀನಿ ಅಕ್ಕಾ" ಅಂದ. ಗಾಳಿ ಯಾವತ್ತು ಇರಲ್ಲ ಅಂತ ನಿನಗೆ ಈಗಲೇ ಹೇಗೆ ಗೊತ್ತು ಅಂದೆ, ನಕ್ಕು ಇಟ್ಟುಬಿಟ್ಟ. ಹಳೇ ಪೇಪರಿಗೆ ಮಾತ್ರ ಗಿರಾಕಿ ಈಗಲೇ ಇದ್ದಾರೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ್ದಾನೆ, ಅತ್ತೆ ಹುಲ್ಲಿನ ಬಣವೆಗೆ ಎರಡು ಬೇದು ಬೇಕೇ ಬೇಕು ಅಂತ ಕೂತಿದ್ದಾರೆ.